ಹಸಿ ಬಾಣಂತಿಯ ನೀರು

ನಮ್ಮದು ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ದಾರಿಯಲ್ಲಿರುವ ಒಂದು ಸಣ್ಣ ಆಸ್ಪತ್ರೆ. ಊರಿನ ಹೆಸರು ಬೇಡ. ತಪ್ಪು ಮಾಡಿದವಳು ನಾನು, ಊರಿನ ತಲೆಗೆ ಯಾಕೆ ಕಟ್ಟಲಿ. ಹೆರಿಗೆ ವಾರ್ಡಿನಲ್ಲಿ ಎಂಟು ಹಾಸಿಗೆ, ಒಬ್ಬರು ವೈದ್ಯೆ, ಪಾಳಿಗೊಬ್ಬಳಂತೆ ನಾವು ನರ್ಸುಗಳು. ಬೇಸಿಗೆಯಲ್ಲಿ ಹತ್ತು ಗಂಟೆಗೆಲ್ಲ ಕಿಟಕಿಯ ಸರಳು ಮುಟ್ಟಿದರೆ ಕೈ ಸುಡುತ್ತದೆ.

ಏಪ್ರಿಲ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ವಳ್ಳೂರಿನ ಆಚೆಯ ಹಳ್ಳಿಯೊಂದರಿಂದ ಇಪ್ಪತ್ತೆರಡು ವರ್ಷದ ಹುಡುಗಿ ಹೆರಿಗೆಗೆ ಬಂದಳು. ಚೊಚ್ಚಲು. ಜೊತೆಗಿದ್ದವಳು ಅವಳ ತಾಯಿ, ಐವತ್ತರ ಆಸುಪಾಸಿನ, ಮಾತಿಗೆ ಮೊದಲೇ ಕೈಮುಗಿಯುವ ಹೆಂಗಸು. ಆ ಕಡೆಯವರ ಮಾತಿನಲ್ಲಿ ಕನ್ನಡ ಎಷ್ಟೋ ತೆಲುಗೂ ಅಷ್ಟೇ ಇರುತ್ತದೆ. ಕೊನೆಯ ತಿಂಗಳಲ್ಲಿ ಹುಡುಗಿಯ ಬಿ.ಪಿ. ಕೊಂಚ ಏರಿತ್ತು, ಕಾಲು ಊದಿತ್ತು. ಹೆರಿಗೆ ಸಲೀಸಾಗಿಯೇ ಆಯಿತು; ಹೆಣ್ಣು ಕೂಸು. ಆದರೆ ಮಾಸು ಬಿದ್ದ ಮೇಲೆ ರಕ್ತ ನಿಲ್ಲಲಿಲ್ಲ. ಹೊಟ್ಟೆಯ ಮೇಲಿನಿಂದ ಗರ್ಭಕೋಶ ಉಜ್ಜಿ, ಇಂಜೆಕ್ಷನ್ ಕೊಟ್ಟು, ಎರಡು ಬಾಟಲಿ ರಿಂಗರ್ ಲ್ಯಾಕ್ಟೇಟ್ ಏರಿಸಿ ನಿಲ್ಲಿಸಿದೆವು. ಜನ ಎಲ್ಲ ಡ್ರಿಪ್ಪಿಗೂ ಗ್ಲೂಕೋಸ್ ಅನ್ನುತ್ತಾರೆ, ಇದರಲ್ಲಿ ಸಕ್ಕರೆ ಇರುವುದಿಲ್ಲ. ರಕ್ತದಲ್ಲಿರುವಂಥ ಉಪ್ಪುಗಳಿರುತ್ತವೆ, ಹೋದ ರಕ್ತದ ಜಾಗವನ್ನು ಸ್ವಲ್ಪ ಹೊತ್ತು ತುಂಬಿ ಹಿಡಿಯುತ್ತದೆ. ಮುಕ್ಕಾಲು ಲೀಟರಿನಷ್ಟು ರಕ್ತ ಹೋಗಿತ್ತು. ಮೂತ್ರಕ್ಕೆ ಕೊಳವೆ ಹಾಕಿ, ಮಂಚದ ಪಕ್ಕಕ್ಕೆ ಚೀಲ ಕಟ್ಟಿದೆವು.

ಮಂಗಳವಾರ ಬೆಳಿಗ್ಗೆ ರೌಂಡ್ಸಿಗೆ ಬಂದ ವೈದ್ಯೆ ಡ್ರಿಪ್ ನಿಲ್ಲಿಸಲು ಹೇಳಿದರು. ಅವರು ಓದು ಮುಗಿಸಿ ಹಳ್ಳಿ ಸೇವೆಗೆಂದು ಬಂದವರು, ನನಗಿಂತ ಹದಿನೈದು ವರ್ಷ ಚಿಕ್ಕವರು.

"ಬಾಯಿಂದ ಚೆನ್ನಾಗಿ ಕುಡಿಸಿ ಸಿಸ್ಟರ್. ಎರಡೂವರೆ ಲೀಟರಾದರೂ ಹೋಗಲಿ. ಚಾರ್ಟ್ ಬಿಡಬೇಡಿ."

ಚಾರ್ಟ್ ಅಂದರೆ ಇನ್‌ಟೇಕ್ ಔಟ್‌ಪುಟ್ ಚಾರ್ಟ್. ಒಂದು ಹಾಳೆ, ಮಧ್ಯೆ ಗೆರೆ. ಎಡಕ್ಕೆ ಮೈಯೊಳಗೆ ಹೋದದ್ದು, ಡ್ರಿಪ್ಪಿನಿಂದ ಎಷ್ಟು, ಬಾಯಿಂದ ಎಷ್ಟು. ಬಲಕ್ಕೆ ಹೊರಗೆ ಬಂದದ್ದು. ಐವತ್ತು ಕಿಲೋ ತೂಕದವರಿಗೆ ಗಂಟೆಗೆ ಇಪ್ಪತ್ತೈದು ಮೂವತ್ತು ಎಂ.ಎಲ್. ಮೂತ್ರವಾದರೂ ಬರಬೇಕು. ಅದಕ್ಕಿಂತ ಇಳಿದರೆ ಮೈ ಒಣಗುತ್ತಿದೆ, ಇಲ್ಲವೇ ಕಿಡ್ನಿ ಸೋಲುತ್ತಿದೆ. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ, ಒಂದಕ್ಕೊಂದು ಉಲ್ಟಾ. ಒಣಗಿದವರಿಗೆ ನೀರು ಕೊಡಬೇಕು, ಕಿಡ್ನಿ ಸೋತು ನೀರು ತುಂಬಿಕೊಂಡವರಿಗೆ ನೀರು ನಿಲ್ಲಿಸಬೇಕು. ಯಾವುದು ಎಂದು ಹೇಳುವುದರಲ್ಲಿ ಆ ಎಡಗಡೆಯ ಸಾಲಿಗೆ ದೊಡ್ಡ ಪಾಲಿದೆ.

ನನ್ನ ಚಾರ್ಟುಗಳ ಬಗ್ಗೆ ನನಗೆ ಜಂಬ. ಅಕ್ಷರ ದುಂಡಗೆ, ಒಂದು ಖಾನೆಯೂ ಖಾಲಿ ಇರುವುದಿಲ್ಲ. ನರ್ಸಿಂಗ್ ಓದುವ ಹುಡುಗಿಯರು ತರಬೇತಿಗೆ ಬಂದರೆ ನನ್ನ ಹಾಳೆಯನ್ನೇ ತೋರಿಸಿ ಹೀಗೆ ಬರೆಯಬೇಕು ಎಂದು ಗದರುತ್ತಿದ್ದೆ. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಅಂತಾರಲ್ಲ, ಆ ಜಾತಿಯವಳು ನಾನು ಎಂದು ಆಗ ಗೊತ್ತಿರಲಿಲ್ಲ.

ತಾಯಿಯ ಕೈಗೆ ಒಂದು ಲೀಟರಿನ ಬಾಟಲಿ ಕೊಟ್ಟು ಹೇಳಿದೆ, "ಅಮ್ಮಾ, ವರಾಂಡದಾಗೆ ಫಿಲ್ಟರ್ ನೀರಿನ ಕ್ಯಾನ್ ಐತೆ. ಇದನ್ನ ತುಂಬಿಸ್ಕಂಡು ಬಂದು ಮಗಳಿಗೆ ಕುಡಿಸ್ತಾ ಇರಿ. ಖಾಲಿ ಆದಂಗೆಲ್ಲ ನಂಗೆ ಹೇಳಿ, ಬರ್ಕೋತೀನಿ."

"ಆಯ್ತು ಸಿಸ್ಟರಮ್ಮ" ಎಂದು ಕೈಮುಗಿದಳು.

ಹನ್ನೊಂದು ಗಂಟೆಗೆ ಬಾಟಲಿ ಎತ್ತಿ ತೋರಿಸಿದಳು. ಖಾಲಿ. ಒಂದು ಸಾವಿರ ಎಂದು ಬರೆದೆ. ಸಂಜೆಯ ಪಾಳಿಯವಳಿಗೂ ಹಾಗೇ ಹೇಳಿಕೊಟ್ಟು ಹೋದೆ. ಅವಳೂ ಖಾಲಿ ಬಾಟಲಿ ನೋಡಿಯೇ ಬರೆದಳು. ಆ ಹನ್ನೆರಡು ಗಂಟೆಯಲ್ಲಿ ಬಾಯಿಂದ ಎರಡು ಸಾವಿರದ ನಾನೂರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವ ಮಾತಿದೆ. ನಾನು ಕಂಡದ್ದು ಬಾಟಲಿಯ ತಳವನ್ನು ಮಾತ್ರ, ಹುಡುಗಿಯ ಗಂಟಲನ್ನಲ್ಲ.

ನೋಡುವಂಥದ್ದು ಕಣ್ಣೆದುರಿಗೇ ಇತ್ತು. ಆ ಸುಡು ಬಿಸಿಲಿನಲ್ಲಿ ಹುಡುಗಿಗೆ ಉಣ್ಣೆಯ ಸ್ವೆಟರ್, ಕಿವಿಗೆ ಹತ್ತಿ, ತಲೆಗೆ ಟವೆಲ್ ಸುತ್ತಿ, ಕಾಲ ಮೇಲೆ ಕಂಬಳಿ ಹೊದಿಸಿದ್ದರು. ಹಣೆಯ ಮೇಲೆ ಬೆವರು.

"ಏನಮ್ಮಾ, ಮಗಳನ್ನ ಕಾಶ್ಮೀರಕ್ಕೆ ಕಳಿಸ್ತಿದ್ದೀರಾ?" ಎಂದು ತಮಾಷೆ ಮಾಡಿದೆ.

"ಶೀತ ಆಗ್ಬುಡ್ತದೆ ಸಿಸ್ಟರಮ್ಮ. ಪಚ್ಚಿ ಬಾಲಿಂತ ಅಲ್ವಾ."

ಹಸಿ ಬಾಣಂತಿ ಅನ್ನುವುದನ್ನು ಅವಳು ತೆಲುಗಿನಲ್ಲಿ ಅಂದಿದ್ದಳು. ನಾನು ನಕ್ಕು ಕಂಬಳಿ ತೆಗೆಸಿದೆ, ಬೇರೆ ಹಾಸಿಗೆಗೆ ಹೋದೆ. ಬೆನ್ನು ತಿರುಗಿಸಿದ ಕೂಡಲೇ ಕಂಬಳಿ ಮತ್ತೆ ಬಂತು. ಬೆವರಿಗೆ ನಮ್ಮ ಹಾಳೆಯಲ್ಲಿ ಖಾನೆ ಇಲ್ಲ. ಮಧ್ಯಾಹ್ನ ಒಮ್ಮೆ ಹುಡುಗಿಯನ್ನೇ ನೇರವಾಗಿ ಕೇಳಿದೆ, ನೀರು ಚೆನ್ನಾಗಿ ಕುಡೀತಿದ್ದೀಯಾ ಅಂತ. ಅವಳು ಮೊದಲು ತಾಯಿಯ ಮುಖ ನೋಡಿ, ಆಮೇಲೆ ತಲೆಯಾಡಿಸಿದಳು. ಆ ನೋಟವನ್ನು ನಾನು ಕಂಡೆ. ಕಂಡೂ ಏನೂ ಅಂದುಕೊಳ್ಳಲಿಲ್ಲ.

ಬುಧವಾರ ಎಂಟಕ್ಕೆ ಪಾಳಿಗೆ ಬಂದಾಗ ರಾತ್ರಿಯ ಲೆಕ್ಕ ಹೀಗಿತ್ತು: ಒಳಗೆ ಒಂಬೈನೂರು, ಹೊರಗೆ ನೂರರವತ್ತು. ಹನ್ನೆರಡು ಗಂಟೆಗೆ ನೂರರವತ್ತು ಅಂದರೆ ಗಂಟೆಗೆ ಹದಿಮೂರು. ಚೀಲದಲ್ಲಿದ್ದದ್ದು ಕಡು ಬಣ್ಣದ್ದು, ಹಾಲು ಹಾಕುವ ಮೊದಲಿನ ಚಹಾದ ಹಾಗೆ. ಮೂತ್ರ ಇಳಿದರೆ ಮೊದಲು ಕೊಳವೆಯನ್ನು ನೋಡಬೇಕು, ಆಮೇಲೆ ರೋಗಿಯನ್ನು. ಎಲ್ಲಾದರೂ ಮಡಿಚಿದೆಯೇ, ಮೈ ಕೆಳಗೆ ಸಿಕ್ಕಿದೆಯೇ ಎಂದು ಬೆರಳಿನಿಂದ ಉದ್ದಕ್ಕೂ ಸವರಿದೆ. ಸ್ಟೆರೈಲ್ ಸಲೈನ್ ಸಿರಿಂಜಿನಲ್ಲಿ ತೆಗೆದು ಒಳಗೆ ಬಿಟ್ಟು ಎಳೆದೆ. ಬಿಟ್ಟಷ್ಟೂ ಸರಾಗ ವಾಪಸು ಬಂತು. ಕೊಳವೆ ಸರಿಯಾಗಿತ್ತು. ಎಂಟರಿಂದ ಒಂಬತ್ತರವರೆಗೆ ಹತ್ತು ಎಂ.ಎಲ್. ಬಂತು. ನಾಡಿ ನೂರ ಹದಿನಾರು, ಬಿ.ಪಿ. ನೂರ ಮೂವತ್ತಾರು, ತೊಂಬತ್ತು. ಓಡಿಹೋಗಿ ವೈದ್ಯೆಯನ್ನು ಕರೆತಂದೆ.

ಅವರು ಕಾಲು ಒತ್ತಿ ನೋಡಿದರು, ಕುಳಿ ಬಿತ್ತು. ಮುಖವೂ ಊದಿದಂತಿತ್ತು. ಚಾರ್ಟ್ ಕೈಗೆತ್ತಿಕೊಂಡು ಕೂಡಿಸಿದರು.

"ನಿನ್ನೆಯಿಂದ ಮೂರು ಸಾವಿರದ ಮುನ್ನೂರು ಒಳಗೆ ಹೋಗಿದೆ. ಎಂಟುನೂರೂ ಹೊರಗೆ ಬಂದಿಲ್ಲ. ಎರಡೂವರೆ ಲೀಟರ್ ಮೈಯಲ್ಲೇ ನಿಂತಿದೆ ಸಿಸ್ಟರ್. ಬಿ.ಪಿ. ಮೊದಲೇ ಇತ್ತು, ರಕ್ತ ಬೇರೆ ಹೋಗಿತ್ತು. ಕಿಡ್ನಿ ಕೈಕೊಡ್ತಿದೆ."

ಕೇಸ್ ಶೀಟಿನಲ್ಲಿ ಬರೆದರು: ಬಾಯಿಂದ ನೀರು ಕಡಿಮೆ ಮಾಡುವುದು, ಡ್ರಿಪ್ ಬೇಡ, ಮೂತ್ರ ಹೆಚ್ಚಿಸಿ ಮೈಯ ನೀರು ಹೊರಹಾಕುವ ಲೇಸಿಕ್ಸ್ ನಲವತ್ತು ಮಿಲಿಗ್ರಾಂ ನರಕ್ಕೆ, ತುಮಕೂರಿಗೆ ಸಾಗಿಸುವುದು. ಆಂಬುಲೆನ್ಸಿಗೆ ಫೋನ್ ಮಾಡಿದರು. ಬೇರೆ ಕರೆಗೆ ಹೋಗಿದೆ, ಬರಲು ಎರಡು ಗಂಟೆಯಾಗುತ್ತದೆ ಎಂದರಂತೆ. ಹೊರರೋಗಿಗಳ ಸಾಲು ಬೆಳೆದಿತ್ತು, ಅವರು ಅತ್ತ ಹೋದರು. ಆ ಹಾಳೆಯನ್ನು ನಂಬಿದವರು ಬೇರೇನು ಬರೆಯಲು ಸಾಧ್ಯ? ನಾನಾಗಿದ್ದರೂ ಅದನ್ನೇ ಬರೆಯುತ್ತಿದ್ದೆ.

ಲೇಸಿಕ್ಸ್ ಸಿರಿಂಜಿಗೆ ತುಂಬಿಕೊಂಡು ಹೋದೆ. ಸೋಮವಾರ ಡ್ರಿಪ್ಪಿಗೆಂದು ನರಕ್ಕೆ ಹಾಕಿದ್ದ ಕ್ಯಾನುಲಾದ ಸುತ್ತ ಕೆಂಪಗೆ ಊದಿತ್ತು, ಔಷಧಿ ಬಿಡುವಂತಿರಲಿಲ್ಲ. ಅದನ್ನು ತೆಗೆದು ಇನ್ನೊಂದು ಕೈಗೆ ಪಟ್ಟಿ ಬಿಗಿದೆ. ನರವೇ ಕಾಣಲಿಲ್ಲ. ಬೆರಳಿಗೆ ಸಿಕ್ಕ ಒಂದೆರಡೂ ಒತ್ತಿದರೆ ಚಪ್ಪಟೆಯಾಗುತ್ತಿದ್ದವು. ಎರಡೂವರೆ ಲೀಟರ್ ನೀರು ಹೆಚ್ಚಾಗಿ ನಿಂತ ಮೈಯಲ್ಲಿ ನರ ಹೀಗೆ ಅಡಗುವುದಿಲ್ಲವಲ್ಲ ಅನ್ನಿಸಿತು. ಅನ್ನಿಸಿದ್ದು ಅರೆಗಳಿಗೆ ಮಾತ್ರ. ಕೈ ನರ ಹುಡುಕುತ್ತಲೇ ಇತ್ತು.

ಅಷ್ಟರಲ್ಲಿ ಕೂಸು ಅತ್ತಿತು. ಗಂಟಲು ಕಟ್ಟಿದ ಅಳು. ಅಜ್ಜಿ ಅದರ ಬಟ್ಟೆ ಬಿಚ್ಚಿದವಳು ಹಾಗೇ ನಿಂತುಬಿಟ್ಟಳು.

"ಸಿಸ್ಟರಮ್ಮ, ಇಲ್ನೋಡಿ. ಕೂಸು ರಕ್ತ ಉಚ್ಚೆ ಉಯ್ತೈತೆ."

ಹಳೆ ಪಂಚೆಯ ಬಿಳಿ ತುಂಡು. ಅದರ ಮಧ್ಯೆ ಅಂಗೈಯಗಲ ಕೆಂಪು ಕಿತ್ತಳೆ ಕಲೆ. ಮುಟ್ಟಿ ನೋಡಿದೆ. ರಕ್ತವಲ್ಲ, ಒಣಗಿದ ಇಟ್ಟಿಗೆ ಪುಡಿಯ ಹಾಗೆ ಬೆರಳಿಗೆ ಹತ್ತಿತು. ಹುಟ್ಟಿದ ಕೂಸಿಗೆ ಹಾಲು ಸಾಲದೆ ಮೂತ್ರ ತೀರ ಗಟ್ಟಿಯಾದಾಗ ಹೀಗೆ ಬೀಳುತ್ತದೆ.

"ಹಾಲು ಬರ್ತಾ ಐತಾ?" ಎಂದು ಹುಡುಗಿಯನ್ನು ಕೇಳಿದೆ. ಇಲ್ಲವೆಂದು ತಲೆಯಾಡಿಸಿದಳು. "ನಾಲಿಗೆ ಚಾಚು." ಚಾಚಲು ಹೋದಳು, ನಾಲಿಗೆ ಹಲ್ಲಿಗೆ ಅಂಟಿಕೊಂಡಿತ್ತು. ಒಣಗಿದ ಹುಣಸೆ ತೊಗಟೆಯಂತೆ ಸೀಳು ಬಿಟ್ಟಿತ್ತು.

ಆ ಕ್ಷಣಕ್ಕೆ ನನಗೆ ನನ್ನದೇ ಬಾಣಂತನ ನೆನಪಾಯಿತು. ನಾನು ಕೊರಟಗೆರೆ ಸೀಮೆಯ ಕೊಳಾಲದ ಕಡೆಯವಳು. ನಮ್ಮಮ್ಮ ನನಗೂ ಹದಿನೈದು ದಿನ ನೀರು ಬಿಗಿ ಹಿಡಿದಿದ್ದಳು. ಹಸಿ ಮೈಗೆ ನೀರು ಬಿದ್ದರೆ ಹೊಟ್ಟೆ ಉಬ್ಬುತ್ತೆ, ಕೂಸಿಗೆ ಶೀತ ಆಗುತ್ತೆ ಅಂತ. ಬಚ್ಚಲಿಗೆ ಹೋದಾಗ ಹಂಡೆಯಿಂದ ಸ್ನಾನದ ನೀರನ್ನೇ ಚೊಂಬಿನಲ್ಲಿ ಮೊಗೆದು ಕದ್ದು ಕುಡಿದಿದ್ದೆ. ಅದನ್ನು ಮೈಯಲ್ಲಿ ಅನುಭವಿಸಿದವಳು, ಯೂನಿಫಾರ್ಮ್ ಹಾಕಿಕೊಂಡ ಕೂಡಲೇ ಹೇಗೆ ಮರೆತೆನೋ. ನನ್ನ ಮೇಲೆ ನನಗೇ ಅಸಹ್ಯ ಬಂತು.

ತಾಯಿಯನ್ನು ಔಷಧಿ ಚೀಟಿ ತರಲು ಕೌಂಟರಿಗೆ ಕಳಿಸಿ ಹುಡುಗಿಯ ಪಕ್ಕ ಕೂತೆ.

"ನಿಜ ಹೇಳು. ನಿನ್ನೆಯಿಂದ ಎಷ್ಟು ನೀರು ಕುಡಿದೆ?"

"ಮಾತ್ರೆ ನುಂಗಾಕೆ ಎಲ್ಡು ಗುಟ್ಕು. ಬಿಸ್ನೀರು."

"ಮತ್ತೆ ಆ ಬಾಟ್ಲಿಗಳು?"

"ಅಮ್ಮ ಕುಡೀತು." ಜೊತೆಗೇ ಅಂದಳು, "ಬೈಬ್ಯಾಡಿ ಸಿಸ್ಟರ್. ನಂ ಒಳ್ಳೇದಕ್ಕೇ ಮಾಡ್ತು."

ತಾಯಿ ಚೀಟಿ ಹಿಡಿದು ಬಂದಳು. ನಮ್ಮಿಬ್ಬರ ಮುಖ ನೋಡಿದ ಕೂಡಲೇ ಅವಳಿಗೆ ಗೊತ್ತಾಯಿತು. ನಾನು ಕೂಗಾಡಲಿಲ್ಲ, ಕೂಗಾಡುವ ಯೋಗ್ಯತೆ ನನಗಿರಲಿಲ್ಲ.

"ಯಾಕಮ್ಮಾ?" ಅಂದೆ.

"ಪಚ್ಚಿ ಬಾಲಿಂತಿಗೆ ನೀಳ್ಳು ಕುಡಿಸ್ತಾರಾ ಯಾರಾದ್ರೂ? ನೀವು ಕುಡಿಸು ಅಂದ್ರಿ. ನಿಮ್ಮ ಎದುರಾಗೆ ಇಲ್ಲ ಅನ್ನಾಕಾಯ್ತದಾ? ಸುಮ್ಕೆ ಹೂಂ ಅಂದೆ."

"ಅಂಗಂತ ನೀವ್ಯಾಕೆ ಕುಡಿದ್ರಿ?"

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು, ಇಷ್ಟೂ ತಿಳಿಯದೇ ಅನ್ನುವ ಹಾಗೆ. "ಚೆಲ್ಲಾಕೆ ಆಯ್ತದಾ ಸಿಸ್ಟರಮ್ಮ? ಫಿಲ್ಟರ್ ನೀಳ್ಳು. ನಮ್ಮೂರಾಗೆ ಬಿಂದಿಗೆಗೆ ಎಷ್ಟು ದೂರ ಓಗ್ಬೇಕು ಗೊತ್ತಾ? ಕುಡಿಯೋ ನೀಳ್ಳು ಚೆಲ್ಲಿದ್ರೆ ಪಾಪ ಸುತ್ಕತದೆ. ಹೊಟ್ಟೆ ಬಿರಿಯಂಗೆ ನಾನೇ ಕುಡ್ದೆ."

ನೆಲಕ್ಕೆ ಚೆಲ್ಲಿದ್ದರೆ ನಾನು ಒದ್ದೆ ನೋಡಿ ಕಂಡುಹಿಡಿಯುತ್ತಿದ್ದೆನೋ ಏನೋ. ನೀರಿನ ಮೇಲಿನ ಗೌರವದಿಂದ ಆಯಮ್ಮ ನನ್ನ ಚಾರ್ಟನ್ನು ಸುಳ್ಳು ಮಾಡಿದ್ದಳು.

ಟ್ರೇಯಲ್ಲಿ ಲೇಸಿಕ್ಸ್ ತುಂಬಿದ ಸಿರಿಂಜಿತ್ತು. ಒಣಗಿದ ಮೈಯಿಂದ ಉಳಿದ ನೀರನ್ನೂ ಹಿಂಡಿ ತೆಗೆಯುವ ಔಷಧಿ. ಕೊಟ್ಟು, ಎರಡೂವರೆ ಗಂಟೆಯ ದಾರಿಯಲ್ಲಿ ನೀರು ಕೊಡದೆ ಬಿಸಿಲಲ್ಲಿ ಕಳಿಸಿದರೆ, ಇನ್ನೂ ಸೋಲದ ಕಿಡ್ನಿ ತುಮಕೂರು ಮುಟ್ಟುವಷ್ಟರಲ್ಲಿ ನಿಜವಾಗಿಯೂ ಸೋತಿರುತ್ತಿತ್ತು. ಹುಡುಗಿ ಹೋಗಿಬಿಡಬಹುದಿತ್ತು.

ನನ್ನ ಬುದ್ಧಿ ಆಗಲೂ ಸೋಗಿನ ದಾರಿಯನ್ನೇ ಹುಡುಕಿತು ಎನ್ನುವುದನ್ನು ಮುಚ್ಚಿಡುವುದಿಲ್ಲ. ನಾಲಿಗೆ ಒಣಗಿದೆ ಮೇಡಂ, ಇಂಜೆಕ್ಷನ್ ಸ್ವಲ್ಪ ತಡೆಯೋಣವಾ ಎಂದಷ್ಟೇ ಹೇಳಿದರೆ ಸಾಲದೇ? ಚಾರ್ಟ್ ವಿಷಯ ಎತ್ತದೆಯೇ ಮುಗಿಸಬಹುದಲ್ಲ? ಆದರೆ ಆ ಹಾಳೆ ಮೇಜಿನ ಮೇಲಿರುವಷ್ಟು ಹೊತ್ತೂ ವೈದ್ಯೆ ನನ್ನ ಮಾತಿಗಿಂತ ನನ್ನ ದುಂಡಗಿನ ಅಂಕಿಗಳನ್ನೇ ನಂಬುತ್ತಾರೆ. ಸಿರಿಂಜನ್ನು ಖಾಲಿ ಮಾಡಿ ಬಿಸಾಡಿದೆ. ಚಾರ್ಟ್ ಹಿಡಿದು ಹೊರರೋಗಿಗಳ ಕೋಣೆಗೆ ನಡೆದೆ.

ಒಳಗೆ ರೋಗಿಗಳಿದ್ದರು. ಅವರೆದುರಿಗೇ ಹೇಳಿದೆ.

"ಮೇಡಂ, ಈ ಚಾರ್ಟ್ ಸುಳ್ಳು. ಎಡಗಡೆ ಬರೆದಿರೋ ಒಂದು ಅಂಕಿಯನ್ನೂ ನಾನು ನೋಡಿ ಬರೆದಿಲ್ಲ. ಅವಳು ಕುಡಿದಿದ್ದು ಇನ್ನೂರು ಎಂ.ಎಲ್. ಕೂಡ ಇಲ್ಲ. ಲೇಸಿಕ್ಸ್ ಕೊಟ್ಟಿಲ್ಲ."

ಅವರು ಪೆನ್ನು ಕೆಳಗಿಟ್ಟರು. ಮುಖ ಕೆಂಪಾಯಿತು. ಬೈಯುತ್ತಾರೆ ಅಂದುಕೊಂಡೆ. ಕೇಳಿದ್ದು ಒಂದೇ ಮಾತು.

"ಬಲಗಡೆಯದ್ದು?"

"ಮೂತ್ರ ನಿಜ ಮೇಡಂ. ನಾವೇ ಅಳೆದಿದ್ದೀವಿ."

ಎದ್ದು ಬಂದರು. ನಾಲಿಗೆ ನೋಡಿದರು, ಸ್ವೆಟರ್ ಬಿಚ್ಚಿಸಿ ಎದೆಗೆ ಸ್ಟೆತಸ್ಕೋಪ್ ಇಟ್ಟು ಬೆನ್ನಿನ ಕೆಳಭಾಗದವರೆಗೂ ಆಲಿಸಿದರು. ಶ್ವಾಸಕೋಶದಲ್ಲಿ ನೀರಿನ ಸದ್ದಿರಲಿಲ್ಲ. ಮೂತ್ರಕ್ಕೆ ಪರೀಕ್ಷೆಯ ಪಟ್ಟಿ ಅದ್ದಿ ನೋಡಿದರು. ತುಂಬ ಗಟ್ಟಿಯಾಗಿತ್ತು, ಪ್ರೋಟೀನ್ ಇದ್ದೂ ಇಲ್ಲದಂತಿತ್ತು. ಊತ ಹೆರಿಗೆಗೆ ಮುಂಚೆಯಿಂದ ಬಂದದ್ದೇ. ಸೋತ ಕಿಡ್ನಿ ಇಷ್ಟು ಗಟ್ಟಿ ಮಾಡಲಾರದು. ನೀರು ಸಿಗದೆ ಇದ್ದಬದ್ದದ್ದನ್ನು ಕಚ್ಚಿ ಹಿಡಿದ ಕಿಡ್ನಿಯ ಕೆಲಸ ಅದು.

"ಆದ್ರೂ ಬಿ.ಪಿ. ಇರೋಳು. ಒಂದೇ ಸಲ ಸುರಿಯೋಕಾಗಲ್ಲ" ಅಂದರು. "ಇನ್ನೂರೈವತ್ತು ರಿಂಗರ್ ಲ್ಯಾಕ್ಟೇಟ್, ಅರ್ಧ ಗಂಟೆಯಲ್ಲಿ. ನಾನು ಎದೆ ಕೇಳ್ತೀನಿ. ಸರಿಯಿದ್ರೆ ಇನ್ನೂರೈವತ್ತು. ಒಂದು ಗಂಟೆ ಹೊತ್ತಿಗೆ ಮೂತ್ರ ಗಂಟೆಗೆ ಮೂವತ್ತು ಮುಟ್ಟಲಿಲ್ಲ ಅಂದ್ರೆ ಆಂಬುಲೆನ್ಸ್ ಹತ್ತಿಸೋದೇ."

ಹತ್ತೂಕಾಲಾಗಿತ್ತು.

ನೀರು ಕೊಡಬೇಕೆಂದು ಗೊತ್ತಾಯಿತು, ಕೊಡಲು ದಾರಿ ಇರಲಿಲ್ಲ. ಮೊದಲ ಸಲ ಮೊಣಕೈ ಹತ್ತಿರ ಚುಚ್ಚಿದೆ, ರಕ್ತ ಬಂದಂತೆ ಮಾಡಿ ನರ ಒಡೆಯಿತು. ಎರಡನೆಯ ಸಲ ಮುಂಗೈ ಮೇಲೆ, ಸೂಜಿ ನರದ ಪಕ್ಕಕ್ಕೆ ಜಾರಿತು. ಹುಡುಗಿ ಕಣ್ಣು ಮುಚ್ಚಿ ಹಲ್ಲು ಕಚ್ಚಿದಳು, ಅಳಲಿಲ್ಲ. ಅಳಲು ಕಣ್ಣಲ್ಲಿ ನೀರೂ ಇರಲಿಲ್ಲ. ಅವಸರಕ್ಕೆ ನರ ಸಿಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಎದ್ದೆ. ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ ತೋಳಿಗೆ ಸುತ್ತಿದೆ. ಕೈಯನ್ನು ಮಂಚದಿಂದ ಕೆಳಗೆ ಇಳಿಬಿಟ್ಟೆ. ಐದು ನಿಮಿಷ ಏನೂ ಮಾಡದೆ ಕಾದೆ. ಆಮೇಲೆ ಪಟ್ಟಿ ಬಿಗಿದು, ಕಣ್ಣನ್ನು ನಂಬದೆ, ಬೆರಳ ತುದಿಯಿಂದ ತಡವಿದೆ. ಮಣಿಕಟ್ಟಿನ ಮೇಲೆ, ಹೆಬ್ಬೆರಳ ಕಡೆಗೆ, ತೆಳ್ಳಗೆ ದಾರದಂತೆ ಒಂದು ಪುಟಿಯಿತು. ದಪ್ಪ ಸೂಜಿ ಬಿಟ್ಟು ಒಂದು ಅಳತೆ ಸಣ್ಣದು ತೆಗೆದುಕೊಂಡೆ. ಚರ್ಮ ಎಳೆದು ಹಿಡಿದು, ತೀರ ಓರೆಯಾಗಿ ಒಳಬಿಟ್ಟೆ. ಸೂಜಿಯ ಹಿಂಬದಿಯ ಪುಟ್ಟ ಗೂಡಿನಲ್ಲಿ ರಕ್ತ ಕಂಡಿತು. ಸೂಜಿಯನ್ನು ಹಿಂದಕ್ಕೆಳೆದು ಪ್ಲಾಸ್ಟಿಕ್ ಕೊಳವೆಯನ್ನು ಮಾತ್ರ ಮುಂದೆ ತಳ್ಳಿದೆ. ಹೋಯಿತು.

ಹತ್ತು ನಲವತ್ತಕ್ಕೆ ಬಾಟಲಿ ಹರಿಯಲು ಶುರುವಾಯಿತು. ನಮ್ಮ ಸೆಟ್ಟಿನಲ್ಲಿ ಇಪ್ಪತ್ತು ಹನಿಗೆ ಒಂದು ಎಂ.ಎಲ್. ಅರ್ಧ ಗಂಟೆಗೆ ಇನ್ನೂರೈವತ್ತು ಅಂದರೆ ನಿಮಿಷಕ್ಕೆ ನೂರರವತ್ತಕ್ಕೂ ಮೇಲೆ, ಹನಿ ಎಣಿಸಲು ಬರುವುದಿಲ್ಲ. ಬಾಟಲಿಗೆ ಬಿಳಿ ಪಟ್ಟಿ ಅಂಟಿಸಿ ಹತ್ತು ನಿಮಿಷಕ್ಕೊಂದು ಗೆರೆ ಹಾಕಿದೆ. ಮಟ್ಟ ಗೆರೆ ಮುಟ್ಟಿತೋ ಇಲ್ಲವೋ ನೋಡುತ್ತ ಚಕ್ರವನ್ನು ಕೂದಲೆಳೆಯಷ್ಟು ತಿರುಗಿಸುತ್ತ ನಿಂತೆ. ತಾಯಿ ಮೂಲೆಯಲ್ಲಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಬಾಯಿಂದ ನೀರು ಬೇಡ ಅಂದವಳು ನರದಿಂದ ಹೋಗುವುದಕ್ಕೆ ಚಕಾರ ಎತ್ತಲಿಲ್ಲ. ಬಾಟಲಿ ಅಂದರೆ ಅವಳಿಗೆ ಔಷಧಿ, ನೀರಲ್ಲ.

ಮೊದಲ ಇನ್ನೂರೈವತ್ತು ಮುಗಿಯಿತು. ವೈದ್ಯೆ ಬಂದು ಎದೆ ಆಲಿಸಿದರು, ಸ್ವಚ್ಛ. ಚೀಲದಲ್ಲಿ ಎಂಟು ಎಂ.ಎಲ್. ಎರಡನೆಯದು ಶುರು ಮಾಡಿದೆ. ಹನ್ನೆರಡಕ್ಕೆ ಆಂಬುಲೆನ್ಸ್ ಬಂದು ಬಾಗಿಲಲ್ಲಿ ನಿಂತಿತು. ಹನ್ನೆರಡೂಕಾಲಿಗೆ ಚೀಲ ಬಸಿದು ಖಾಲಿ ಮಾಡಿದರೆ ಹದಿನೈದು. ಬಣ್ಣ ಹಾಗೇ ಕಡು.

ನನಗೆ ಹೆದರಿಕೆ ಶುರುವಾಯಿತು. ವೈದ್ಯೆ ಮೊದಲು ಹೇಳಿದ್ದೇ ನಿಜವಾಗಿದ್ದರೆ? ಬಾಗಿಲು ಹಾಕಿದ ಮನೆಯೊಳಗೆ ನಾನು ನೀರು ಸುರಿಯುತ್ತಿದ್ದರೆ? ಒಂದು ತಪ್ಪು ತಿದ್ದಲು ಹೋಗಿ ಇನ್ನೊಂದು ತಪ್ಪಿಗೆ ಆ ಹುಡುಗಿಯನ್ನು ದೂಡಿದೆನೇ? ಪ್ರತಿ ಐದು ನಿಮಿಷಕ್ಕೂ ಉಸಿರು ಎಣಿಸಿದೆ. ಇಪ್ಪತ್ತು, ಇಪ್ಪತ್ತು, ಹತ್ತೊಂಬತ್ತು. ನಾಡಿ ನೂರ ಎಂಟಕ್ಕೆ ಇಳಿದಿತ್ತು. ಅದೊಂದೇ ನನ್ನ ಧೈರ್ಯ. ಆಂಬುಲೆನ್ಸಿನ ಚಾಲಕ ಎರಡು ಸಲ ಬಂದು, "ಏನ್ ಸಿಸ್ಟರ್, ಓಗೋದಾ ಇಲ್ವಾ?" ಎಂದು ಕೇಳಿ ಹೋದ.

ಒಂದು ಗಂಟೆಗೆ ವೈದ್ಯೆ ಬಂದರು. ಇಬ್ಬರೂ ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತು ಚೀಲವನ್ನು ಅಳತೆ ಜಗ್ಗಿಗೆ ಬಸಿದೆವು. ಮುಕ್ಕಾಲು ಗಂಟೆಗೆ ಮೂವತ್ತನಾಲ್ಕು. ಅವರು ಜಗ್ಗನ್ನು ಬೆಳಕಿಗೆ ಹಿಡಿದರು. ಚಹಾ ಬಣ್ಣ ಹೋಗಿ ಜೇನಿನ ಬಣ್ಣ ಬಂದಿತ್ತು. ಹೊರಗೆ ಹೋಗಿ ಆಂಬುಲೆನ್ಸ್ ವಾಪಸು ಕಳಿಸಿದರು. ಗಂಟೆಗೆ ನೂರು ಎಂ.ಎಲ್.ನಂತೆ, ಅಂದರೆ ನಿಮಿಷಕ್ಕೆ ಮೂವತ್ತಮೂರು ಹನಿಯಂತೆ, ಸಂಜೆಯವರೆಗೂ ಬಿಡಲು ಹೇಳಿದರು. ಎರಡು ಗಂಟೆಗೆ ನನ್ನ ಪಾಳಿ ಮುಗಿಯಿತು, ನಾನು ಹೋಗಲಿಲ್ಲ. ಎರಡರಿಂದ ಮೂರರವರೆಗೆ ಐವತ್ತೈದು ಬಂತು. ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಚಾರ್ಟನ್ನು ತಿದ್ದುವುದಕ್ಕೂ ಕ್ರಮವಿದೆ. ಅಳಿಸಬಾರದು, ಬಿಳಿ ಬಳಿಯಬಾರದು, ಹರಿಯಬಾರದು. ತಪ್ಪಾದ ಅಂಕಿಯ ಮೇಲೆ ಒಂದೇ ಗೆರೆ ಎಳೆಯಬೇಕು, ಕೆಳಗಿನದು ಓದುವಂತಿರಬೇಕು, ಪಕ್ಕದಲ್ಲಿ ಸಹಿ ಮತ್ತು ವೇಳೆ ಹಾಕಬೇಕು. ಎಡಗಡೆಯ ಸಾಲಿನ ಉದ್ದಕ್ಕೂ ಗೆರೆ ಎಳೆದು, "ನೋಡದೆ ಬರೆದದ್ದು" ಎಂದು ಬರೆದು ಸಹಿ ಮಾಡಿದೆ. ಮೇಲಿನವರಿಗೆ ಲಿಖಿತ ವಿವರಣೆಯನ್ನೂ ಕೊಟ್ಟೆ. ಎಚ್ಚರಿಕೆ ಪತ್ರ ಬಂತು, ಬರಬೇಕಾದ್ದೇ.

ಆದರೆ ಡ್ರಿಪ್ ಇಟ್ಟುಕೊಂಡು ಯಾರೂ ಬಾಣಂತನ ಮಾಡುವುದಿಲ್ಲ. ಮನೆಗೆ ಹೋದ ಮೇಲೆ ಆ ಹುಡುಗಿಗೆ ನೀರು ಕೊಡಬೇಕಾದವಳು ಅವಳ ತಾಯಿಯೇ. ಬುಧವಾರ ಸಂಜೆ ಅವಳ ಪಕ್ಕ ನೆಲದ ಮೇಲೆ ಕೂತೆ.

"ಮನೆಯಾಗೆ ಎಮ್ಮೆ ಐತಾ ಅಮ್ಮಾ?"

"ಐತೆ. ಹೋದ ತಿಂಗಳು ಕರ ಹಾಕ್ತು."

"ಅದಕ್ಕೆ ನೀರು ಕುಡಿಸಲ್ವಾ?"

"ಅದ್ಯಾಕೆ ಕುಡಿಸಲ್ಲ? ಎಲ್ಡು ಬಕೀಟು ಕುಡೀತದೆ. ಇಲ್ದಿದ್ರೆ ಹಾಲೆಲ್ಲಿ ಕೊಡ್ತದೆ?" ಎಂದವಳು, ನನ್ನ ಮುಖ ನೋಡಿ ಬಾಯಿ ಮುಚ್ಚಿಕೊಂಡಳು. ಆಮೇಲೆ ಸಣ್ಣಗೆ, "ಎಮ್ಮೆಗೂ ಮನಸ್ರಿಗೂ ಒಂದೇನಾ?" ಅಂದಳು.

ವಾದ ಬೆಳೆಸಲಿಲ್ಲ. ಕಾಯಿಸಿ ಆರಿಸಿದ ನೀರು, ಜೀರಿಗೆ ಹಾಕಿ, ಉಗುರು ಬೆಚ್ಚಗೆ, ಅರ್ಧ ಗಂಟೆಗೆ ಒಂದು ಲೋಟ ಎಂದು ರಾಜಿಯಾಯಿತು. ಒಂದೊಂದು ಲೋಟವನ್ನೂ ಹುಡುಗಿ ನುಂಗುವುದನ್ನು ನಿಂತು ನೋಡಿಯೇ ಬರೆದೆ. ತಾಯಿ ಲೋಟ ಕೊಡುತ್ತಿದ್ದಳು, ಮುಖ ಮಾತ್ರ ಆಚೆ ತಿರುಗಿಸಿಕೊಳ್ಳುತ್ತಿದ್ದಳು. ಗುರುವಾರ ಪಟ್ಟಣದಿಂದ ಬಂದ ರಕ್ತದ ವರದಿಯಲ್ಲಿ ಕಿಡ್ನಿಯ ಅಂಕಿ ಕೊಂಚ ಏರಿತ್ತು, ಶುಕ್ರವಾರ ಇಳಿಯಿತು. ಗುರುವಾರ ರಾತ್ರಿಯೇ ಎದೆಹಾಲು ಬಂದಿತ್ತು.

ಶುಕ್ರವಾರ ಮಧ್ಯಾಹ್ನ, ಊಟದ ಹೊತ್ತು. ಹುಡುಗಿ, ಕೂಸು ಇಬ್ಬರೂ ನಿದ್ದೆ ಹೋಗಿದ್ದರು. ತಾಯಿ ನನ್ನ ಮೇಜಿನ ಹತ್ತಿರ ಬಂದು ಕೂಸಿನ ಒದ್ದೆ ಬಟ್ಟೆಯನ್ನು ಬಿಡಿಸಿ ತೋರಿಸಿದಳು. ಕಲೆ ಇರಲಿಲ್ಲ.

"ಬೆಳ್ಳಗೆ ಆಗೈತೆ ಸಿಸ್ಟರಮ್ಮ."

"ಹೂಂ. ಹಾಲು ಸಿಕ್ತಲ್ಲ."

ಹೋಗಲಿಲ್ಲ. ಬಟ್ಟೆ ಮಡಿಚುತ್ತ ಅಲ್ಲೇ ನಿಂತಳು.

"ಆ ಕೆಂಪು ಬಿದ್ರೆ ಕೂಸಿಗೆ ನೀರಿಲ್ಲ ಅಂತಾನಾ?"

"ಒಂದೆರಡು ದಿನ ಸುಮಾರು ಕೂಸುಗಳಿಗೆ ಬೀಳುತ್ತೆ. ಆಮೇಲೂ ಬೀಳ್ತಾನೇ ಇದ್ರೆ, ಹೌದು, ಹಾಲು ಸಾಲ್ತಿಲ್ಲ ಅಂತ."

"ನಂ ಮೊದಲ್ನೇದಕ್ಕೂ ಬಿತ್ತು. ಗಂಡು. ಇವಳಿಗಿಂತ ಮೂರು ವರ್ಸ ಮುಂಚೆ. ಇಂಗೇ ಬ್ಯಾಸ್ಗೆ. ನಂಗೆ ಹಾಲೇ ಬರ್ಲಿಲ್ಲ. ಬಾಯಿ ಒಣಗ್ತದೆ ಅಂದ್ರೆ ನಮ್ಮತ್ತೆ ಚೊಂಬು ಎತ್ತಿ ಅಟ್ಟದ ಮೇಲೆ ಇಟ್ಬುಟ್ರು. ಆರ್ನೇ ದಿನ ಹೋಯ್ತು. ದಿಷ್ಟಿ ಆಗೈತೆ ಅಂದ್ರು." ಬಟ್ಟೆ ಮತ್ತೆ ಬಿಡಿಸಿದಳು, ಮತ್ತೆ ಮಡಿಚಿದಳು. "ಅದೂ ನೀಳ್ಳಿಲ್ದೇನೇ ಹೋಯ್ತಾ?"

ಇಂಥ ಹೊತ್ತಿಗೆ ನಮ್ಮ ಬಾಯಲ್ಲಿ ಕೆಲವು ಮಾತು ಸಿದ್ಧವಿರುತ್ತವೆ. ಹಾಗೇನಿಲ್ಲ ಅಮ್ಮ, ಆಯಸ್ಸು ಅಷ್ಟೇ ಇತ್ತು ಅನ್ನಬಹುದಿತ್ತು. ಇಪ್ಪತ್ತೈದು ವರ್ಷದ ಹಿಂದಿನ ಸಾವಿಗೆ ಅಷ್ಟು ಕರುಣೆ ತೋರಿಸಿದರೆ ಯಾರಿಗೇನು ನಷ್ಟ? ಆದರೆ ಅವಳು ನನ್ನ ಕಣ್ಣನ್ನೇ ನೋಡುತ್ತಿದ್ದಳು, ಮತ್ತು ಮರುದಿನ ಮಗಳನ್ನು ಕರೆದುಕೊಂಡು ಊರಿಗೆ ಹೋಗುವವಳಿದ್ದಳು.

"ಖಂಡಿತ ಹೇಳೋಕಾಗಲ್ಲ ಅಮ್ಮಾ" ಅಂದೆ. "ಆದರೆ ಇರಬಹುದು."

ಅವಳು ಅಳಲಿಲ್ಲ. ನನ್ನ ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಗೋಡೆ ಗಡಿಯಾರದ ಕಡೆ ನೋಡಿ, "ಈಗೆಷ್ಟು?" ಅಂದಳು. ಎರಡು ಗಂಟೆ ಅಂದೆ. ಹಿಂದಿನ ಲೋಟ ಕೊಟ್ಟು ಇನ್ನೂ ಹತ್ತು ನಿಮಿಷವಾಗಿತ್ತು. ಈಗಲೇ ಬೇಡ, ಮಲಗಲಿ ಬಿಡಿ ಎಂದು ಹೇಳಬೇಕೆಂದುಕೊಂಡೆ, ಹೇಳಲಿಲ್ಲ. ಆಯಮ್ಮ ಹೋಗಿ ಫ್ಲಾಸ್ಕಿನಿಂದ ಲೋಟ ತುಂಬ ನೀರು ಬಗ್ಗಿಸಿದಳು, ಮಗಳ ಭುಜ ತಟ್ಟಿ ಎಬ್ಬಿಸಿದಳು.

"ಏಳಮ್ಮ, ಏಳು. ನೀಳ್ಳು ಕುಡಿ."